ಗಾಣದ ಚಿಗವ್ವನ ಸೋಮವಾರಗಳು

ಚಿಗವ್ವನ ಬಲಗೈ ತೋರುಬೆರಳು ನಡುಗೆಣ್ಣಿನಿಂದ ಹೊರಕ್ಕೆ ಬಾಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಗಾಣಕ್ಕೆ ಸಿಕ್ಕ ಬೆರಳದು. ಹಿಡಿ ಶೇಂಗಾ ಉಜ್ಜಿ ಸಿಪ್ಪೆ ಊದುವಾಗ ಆ ಬೆರಳು ಮಾತ್ರ ಉಳಿದವುಗಳ ಜೊತೆ ಸೇರದೆ ಎತ್ತಲೋ ನೋಡುತ್ತಿತ್ತು. ಹಣೆತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೊಣಕೈವರೆಗೆ ಎಣ್ಣೆಯ ಹೊಳಪು. ಹೊಸಪೇಟೆಯಲ್ಲಿ ಕಂಪ್ಲಿ ರಸ್ತೆಯಿಂದ ಒಳಗೆ ಹೊರಳುವ ಓಣಿಯಲ್ಲಿ ನಮ್ಮ ಮನೆಯ ಮಗ್ಗುಲಿಗೇ ಆಕೆಯ ಗಾಣ. ರಕ್ತಸಂಬಂಧವೇನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಕಟ್ಟಿಗೆ ಗಾಣಕ್ಕೆ ಮೋಟಾರು ಕೂರಿಸಿಕೊಂಡು ಒಬ್ಬಳೇ ನಡೆಸುತ್ತಿದ್ದ ಆಕೆಯನ್ನು ಓಣಿಯವರೆಲ್ಲ ಚಿಗವ್ವ ಎಂದೇ ಕರೆಯುತ್ತಿದ್ದೆವು.

ಹೊಸಬರು ಬಂದರೆ ಎಣ್ಣೆ ಅಳೆಯುತ್ತಿರಲಿಲ್ಲ. ಒಳಗಿನಿಂದ ಬಿಸಿ ರೊಟ್ಟಿಯ ಚೂರು ತಂದು, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ, ಹೊಸ ಎಣ್ಣೆ ಸುರಿದು ಕೈಗೆ ಕೊಡುತ್ತಿದ್ದಳು. "ಮೊದ್ಲ ಬಾಯಿಗೆ ಹಾಕ್ಕೋರಿ. ಆಮ್ಯಾಲ ಮಾತು." ರುಚಿಯಾಗಲಿಲ್ಲ ಎಂದವರನ್ನು ನಗುತ್ತಲೇ ಕಳಿಸಿಕೊಡುತ್ತಿದ್ದಳು.

ನಾನು ಉಕ್ಕಿನ ವ್ಯಾಪಾರದ ಕಚೇರಿಯೊಂದರ ಕೆಲಸ ಬಿಟ್ಟು, ಸಣ್ಣ ಅಂಗಡಿಗಳಿಗೆ ಆನ್‌ಲೈನ್ ಮಾರಾಟದ ವ್ಯವಸ್ಥೆ ಮಾಡಿಕೊಡಲು ಹೊರಟಾಗ ಮನೆಯಲ್ಲೇ ಯಾರೂ ನಂಬಲಿಲ್ಲ. ಮೊದಲ ಕೆಲಸ ಕೊಟ್ಟವಳು ಚಿಗವ್ವ. ವೆಬ್‌ಸೈಟ್ ಆಯಿತು, ಪಾರ್ಸೆಲ್ ಕಳಿಸುವುದೂ ಆಯಿತು. ಆಮೇಲೆ ನಾನು ಅಫಿಲಿಯೇಟ್ ಪ್ರೋಗ್ರಾಂ ಮಾತು ತೆಗೆದೆ. ಎಣ್ಣೆ ಮೆಚ್ಚಿದವರಿಗೆ ಒಂದೊಂದು ಲಿಂಕ್ ಕೊಡುವುದು; ಅವರು ಅದನ್ನು ತಮ್ಮ ಪರಿಚಯದವರಿಗೆ ಕಳಿಸುವುದು; ಆ ಲಿಂಕಿನಿಂದ ಯಾರು ಕೊಂಡರೂ ಕಳಿಸಿದವರಿಗೆ ಇಷ್ಟು ಕಮಿಷನ್.

"ದಲ್ಲಾಳಿ ಅನ್ನು ಮಗಳ," ಎಂದಳು.

"ಹಂಗ ಅನ್ಕೋ ಚಿಗವ್ವ. ಆದ್ರ ಇವ್ರು ಮಾಲು ಮುಟ್ಟಂಗಿಲ್ಲ. ಬರೇ ಹೇಳತಾರ."

"ಹೇಳೋದ ದೊಡ್ಡ ಕೆಲಸ," ಎಂದು ಒಂದು ಷರತ್ತು ಹಾಕಿದಳು. ಮನೆಯಲ್ಲಿ ತಿಂಗಳೊಪ್ಪತ್ತು ಈ ಎಣ್ಣೆಯಲ್ಲೇ ಅಡುಗೆ ಮಾಡಿದವರಿಗೆ ಮಾತ್ರ ಲಿಂಕ್. "ತಿನ್ನಲಾರದವ್ರು ಹೆಂಗ ಹೊಗಳತಾರ?"

ಹಾಗೇ ಮಾಡಿದೆವು. ಕಂಪ್ಲಿಯ ಒಬ್ಬ ಶಾಲಾ ಶಿಕ್ಷಕಿ, ಹಂಪಿಯ ಹತ್ತಿರ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವ ಒಬ್ಬ ಹೆಣ್ಣುಮಗಳು, ಸಂಡೂರಿನಲ್ಲಿ ಖಾನಾವಳಿ ಇಟ್ಟವರು ಸೇರಿದರು. ಆರ್ಡರುಗಳು ನಿಧಾನಕ್ಕೆ ಬರುತ್ತಿದ್ದವು. ಕೊನೆಗೆ ಸೇರಿದವನು ಸಂಡೂರಿನ ಒಬ್ಬ ತರುಣ. ಮೊಬೈಲಿನಲ್ಲಿ ಆರೋಗ್ಯದ ವಿಡಿಯೋ ಮಾಡುತ್ತಿದ್ದ. ಚಿಗವ್ವನ ಷರತ್ತನ್ನು ಅಚ್ಚುಕಟ್ಟಾಗಿ ಪಾಲಿಸಿ, ಕುಸುಬೆ ಎಣ್ಣೆ ಕೊಂಡು ತಿಂದು, ಆಮೇಲೇ ಲಿಂಕ್ ಕೇಳಿದ. ಅವನು ಬಂದ ಮೇಲೆ ಗಾಣ ನಿಲ್ಲಿಸುವಂತೆಯೇ ಇರಲಿಲ್ಲ. ಎರಡನೆಯ ಗಾಣ ಬಂತು. ಓಣಿಯ ಇಬ್ಬರು ಹೆಂಗಸರು ಬಾಟಲಿ ತುಂಬಲು ಕೆಲಸಕ್ಕೆ ಬಂದರು. ಚಿಗವ್ವ ಅವರನ್ನು ಹಸಿದ ಹೊಟ್ಟೆಯಲ್ಲಿ ಕೆಲಸಕ್ಕೆ ಕೂರಿಸುತ್ತಿರಲಿಲ್ಲ. ಮೊದಲು ಉಪ್ಪಿಟ್ಟು, ಆಮೇಲೆ ಬಾಟಲಿ.

ಒಂದು ಮಧ್ಯಾಹ್ನ ಗಾದಿಗನೂರಿನಿಂದ ಫೋನ್ ಬಂತು. ಕೈಗೆ ಎಣ್ಣೆಯಾಗಿತ್ತೆಂದು ಚಿಗವ್ವ ನನಗೆ ಸ್ಪೀಕರ್ ಹಾಕಲು ಹೇಳಿದಳು. ಆ ಕಡೆ ಒಬ್ಬ ಹೆಂಗಸು.

"ಅಕ್ಕಾರ, ನಮ್ಮನಿಯವ್ರು ಗುಳಗಿ ಬಿಟ್ಟಾರ್ರಿ. ನಿಮ್ಮ ಕುಸುಬಿ ಎಣ್ಣಿ ಮುಂಜಾನೆ ಬರೇ ಹೊಟ್ಟಿಲೆ ಒಂದು ಚಮಚ ಕೊಡಾಕತ್ತೀನಿ. ತಲಿನೋವು ಇನ್ನೂ ಹೋಗವಲ್ದು. ಎರಡು ಚಮಚ ಮಾಡ್ಲೇನ್ರಿ?"

ಚಿಗವ್ವನ ಕೈ ನಿಂತಿತು. "ಯಾವ ಗುಳಗಿ ಬಿಟ್ಟಾರವ್ವ?"

"ಬಿಪೀದ್ರಿ."

"ಯಾರು ಹೇಳಿದ್ರು ಬಿಡಂತ?"

"ನಿಮ್ಮ ವಿಡಿಯೋದಾಗ ಹೇಳ್ಯಾರಲ್ರಿ."

ಅಲ್ಲೇ ನಿಂತು ಆ ವಿಡಿಯೋ ಹುಡುಕಿ ನೋಡಿದೆವು. ಸಂಡೂರಿನ ತರುಣ ಚಿಗವ್ವನ ಬಾಟಲಿ ಎತ್ತಿ ಹಿಡಿದು, ಈ ಎಣ್ಣೆ ರಕ್ತದೊತ್ತಡವನ್ನು ಬೇರುಸಹಿತ ಕೀಳುತ್ತದೆ, ಜೀವನಪೂರ್ತಿ ಗುಳಿಗೆಯ ಗುಲಾಮರಾಗಬೇಡಿ ಎನ್ನುತ್ತಿದ್ದ. ಕೆಳಗೆ ನಾನು ಮಾಡಿಕೊಟ್ಟ ಲಿಂಕ್.

ಚಿಗವ್ವ ಕೈ ಕೂಡ ತೊಳೆಯದೆ ನನ್ನ ಸ್ಕೂಟರಿನ ಹಿಂದೆ ಕುಳಿತಳು. ಗಾದಿಗನೂರಿನ ಆ ಮನೆಯಲ್ಲಿ ಅದಿರು ಲಾರಿ ಓಡಿಸುವ ಗಟ್ಟಿಮುಟ್ಟು ಮನುಷ್ಯ ಹಗ್ಗದ ಹೊರಸಿನ ಮೇಲೆ ಕುಳಿತಿದ್ದ. ನಕ್ಕು ಬರಮಾಡಿಕೊಂಡ. "ಬರ್ರಿ, ಕುಂದ್ರಿ. ನಿಮ್ಮೆಣ್ಣಿ ಮಸ್ತ್ ಐತ್ರಿ."

"ನಮ್ಮೆಣ್ಣಿ ಒಗ್ಗರಣಿಗಪ್ಪ, ರೋಗಕ್ಕಲ್ಲ," ಎಂದಳು ಚಿಗವ್ವ. "ಕೈ ಮುಗೀತೀನಿ, ಈಗ ಡಾಕ್ಟರ್ ಕಡೆ ನಡೀರಿ."

"ಇವತ್ತು ಲೋಡ್ ಐತ್ರಿ. ನಾಳೆ ಹೋಗ್ತೀನಿ, ಖರೇನ."

ಎಷ್ಟು ಹೇಳಿದರೂ ಆತ ಏಳಲಿಲ್ಲ. ಮರುದಿನ ನಸುಕಿನಲ್ಲಿ ಬಚ್ಚಲಿನಲ್ಲಿ ಬಿದ್ದ. ಹೊಸಪೇಟೆಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗಡೆಯ ಕೈಕಾಲು, ಮಾತು ಎರಡೂ ಹೋದವು. ಗುಳಿಗೆ ಬಿಟ್ಟದ್ದೊಂದೇ ಕಾರಣ ಎಂದು ಖಚಿತವಾಗಿ ಹೇಳಲಾಗದು, ಆದರೆ ಬಿಡಬಾರದಿತ್ತು ಎಂದರು ಡಾಕ್ಟರು. ಆ ಮಾತಿನ ಮೊದಲ ಅರ್ಧವನ್ನು ನಾನು ಚಿಗವ್ವನಿಗೆ ಮತ್ತೆ ಮತ್ತೆ ಹೇಳಿದೆ. ಆಕೆಯ ಕಿವಿಗೆ ಬಿದ್ದದ್ದು ಉಳಿದರ್ಧ ಮಾತ್ರ.

ಆ ತರುಣನಿಗೆ ಫೋನ್ ಮಾಡಿದಾಗ ಅವನು ಗದರಿದ. "ನಾ ಏನ್ ಆತನ ಕೈಯಾಗಿನ ಗುಳಗಿ ಕಸಕೊಂಡೀನೇನ್ರಿ? ಯಾಪಾರ ಬೇಕಿತ್ತು, ತಂದ್ಕೊಟ್ಟೆ." ಚಿಗವ್ವ ನನ್ನ ಕಡೆ ತಿರುಗಿ, "ಎಲ್ಲಾ ಬಂದ್ ಮಾಡು," ಎಂದಳು.

"ಅವನೊಬ್ಬಂದು ತೆಗೀತೀನಿ. ಕಂಪ್ಲಿ ಟೀಚರ್ ಏನ್ ಮಾಡ್ಯಾರ?"

"ಏನೂ ಮಾಡಿಲ್ಲ. ಆದ್ರ ಯಾರು ಯಾರಿಗೆ ಏನು ಹೇಳತಾರ, ಇಲ್ಲಿ ಕುಂತ ನನಗ ಹೆಂಗ ಗೊತ್ತಾಗಬೇಕು? ಮಾತು ಅವ್ರದು, ಹೆಸರು ನನ್ನದು. ಬ್ಯಾಡ."

ಪ್ರೋಗ್ರಾಂ ಅಂದೇ ಮುಚ್ಚಿದೆ. ಆಮೇಲೆ ಅವನ ಲಿಂಕಿನಿಂದ ಕೊಂಡ ಮನೆಗಳಿಗೆಲ್ಲ ಚಿಗವ್ವ ತಾನೇ ಫೋನ್ ಮಾಡಿದಳು. ಕೆಲವರು ಬೈದರು, ಕೆಲವರು ನಂಬಲಿಲ್ಲ. ಗುಳಿಗೆ ಬಿಟ್ಟವರು ಇನ್ನೂ ಇದ್ದರು. ಅವರು ಮತ್ತೆ ಶುರು ಮಾಡಿದೆವು ಎನ್ನುವವರೆಗೆ ಆಕೆ ಬಿಡಲಿಲ್ಲ. ಆ ತರುಣ ಸಿಟ್ಟಿಗೆದ್ದು, ಈ ಗಾಣದ ಎಣ್ಣೆ ಕಲಬೆರಕೆ ಎಂದು ಇನ್ನೊಂದು ವಿಡಿಯೋ ಹಾಕಿದ. ಆರ್ಡರುಗಳು ನಿಂತವು. ಎರಡನೆಯ ಗಾಣ ಮಾರಿಹೋಯಿತು. ಕೆಲಸ ಕಳೆದುಕೊಂಡ ಹೆಂಗಸರಲ್ಲಿ ಒಬ್ಬಾಕೆ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ನಿನ್ನ ಮನಸಿನ ಸಮಾಧಾನಕ್ಕ ಬಂದ್ ಮಾಡಿದಿ ಚಿಗವ್ವ. ನಮ್ಮ ಒಲಿನೂ ಬಂದ್ ಆತು."

ಕಂಪ್ಲಿಯ ಶಿಕ್ಷಕಿಯಂಥವರ ವಿಷಯದಲ್ಲಿ ಚಿಗವ್ವ ಮಾಡಿದ್ದು ಹೆಚ್ಚಾಯಿತು ಎಂದೇ ನನಗೆ ಇಂದಿಗೂ ಅನಿಸುತ್ತದೆ. ಆದರೆ ಆ ದಿನ ಆಕೆಯ ಮುಖ ನೋಡಿದ ಮೇಲೆ ನಾನು ಮತ್ತೆ ವಾದಿಸಲಿಲ್ಲ.

ಸೋಮವಾರ ಗಾಣಕ್ಕೆ ರಜೆ. ಆ ದಿನ ಆಕೆ ಬಸ್ಸು ಹತ್ತಿ ಗಾದಿಗನೂರಿಗೆ ಹೋಗತೊಡಗಿದಳು. ಮೊದಲ ಸಲ ಡ್ರೈವರನ ಹೆಂಡತಿ ಎಣ್ಣೆಯ ಬಾಟಲಿ ತಂದು ಆಕೆಯ ಕಾಲ ಮುಂದೆಯೇ ಒಡೆದಳು. ಚಿಗವ್ವ ಮುಂದಿನ ಸೋಮವಾರವೂ ಹೋದಳು. ಕೊನೆಗೆ ಆ ಹೆಂಡತಿ, "ಬರೋದಿದ್ರ ಬರ್ರಿ. ನಿಮ್ಮೆಣ್ಣಿ ಮಾತ್ರ ಈ ಹೊಸ್ತಿಲ ದಾಟಬಾರದು," ಎಂದಳಂತೆ.

ಅದಾದ ಮೇಲೆ ಒಂದು ದಿನ ಕಿರಾಣಿ ಅಂಗಡಿಯಲ್ಲಿ ಚಿಗವ್ವ ಪ್ಯಾಕೆಟ್ ಎಣ್ಣೆ ಕೊಳ್ಳುವುದನ್ನು ಕಂಡು ನಾನು ದಂಗಾದೆ. ಅಂಗಡಿಯವನು ನಗುತ್ತಿದ್ದ. ಆ ಎಣ್ಣೆಯಲ್ಲಿ ಬದನೆಕಾಯಿ ಪಲ್ಯ ಮಾಡಿ, ರೊಟ್ಟಿಯ ಜೊತೆ ಡಬ್ಬಿಗೆ ಹಾಕಿ ಆ ಮನೆಗೆ ಒಯ್ದಳು. ಪ್ರತಿ ಸೋಮವಾರ ಹಾಗೇ. ಡ್ರೈವರನ ಪಕ್ಕ ಕುಳಿತು, ಅವನು ಲಾರಿ ಓಡಿಸುತ್ತಿದ್ದ ದಾರಿಯ ಊರುಗಳ ಹೆಸರನ್ನು ಒಂದೊಂದೇ ಹೇಳುತ್ತಿದ್ದಳು. ಅವನು ಅದನ್ನು ತಿರುಗಿ ಹೇಳಲು ಹೆಣಗುತ್ತಿದ್ದ. ಒಂದು ದಿನ ಬಂದವಳೇ ನನ್ನ ಮನೆಯ ಕದ ಬಡಿದಳು: "ಸಂಡೂರು ಅಂದ ನೋಡು! ಅರ್ಧಮರ್ಧ, ಆದ್ರ ಅಂದ."

ಆ ಹೊತ್ತಿಗಾಗಲೇ ಆಕೆಗೆ ಊಟ ಸೇರುತ್ತಿರಲಿಲ್ಲ. ಕಣ್ಣು ಹಳದಿಯಾದ ಮೇಲೆ ಒತ್ತಾಯ ಮಾಡಿ ಕರೆದೊಯ್ದೆ. ಪಿತ್ತಕೋಶದ ಕ್ಯಾನ್ಸರ್, ಬಹಳ ಮುಂದೆ ಹೋಗಿತ್ತು. ಕಂಪ್ಲಿಗೆ ಮದುವೆ ಮಾಡಿಕೊಟ್ಟಿದ್ದ ಆಕೆಯ ಮಗಳು ಬಂದು ಜೊತೆಗಿದ್ದಳು. ನೋವಿನ ನಡುವೆ ಚಿಗವ್ವ ಒಮ್ಮೆ ನನ್ನ ಕೈ ಹಿಡಿದು, "ನೀ ಈ ಕೆಲಸ ಬಿಡಬ್ಯಾಡ ಮಗಳ. ಬರೇ ಕಣ್ಣಿಟ್ಟು ಮಾಡು," ಎಂದಳು. ಆ ವಾರದಲ್ಲೇ ಹೋದಳು.

ಮಣ್ಣು ಮಾಡಿದ ಮರುದಿನ ನಾನು ಗಾದಿಗನೂರಿಗೆ ಹೋದೆ. ಸುದ್ದಿ ಕೇಳಿ ಡ್ರೈವರನ ಹೆಂಡತಿ ಗಂಡನಿಗೆ ಉಣಿಸುತ್ತಿದ್ದ ತಟ್ಟೆ ಕೆಳಗಿಟ್ಟು, ನನ್ನನ್ನು ಅಂಗಳಕ್ಕೆ ಕರೆತಂದಳು.

"ಆಕಿ ಬರೋದು ನನಗ ಸೇರತಿದ್ದಿಲ್ಲ," ಎಂದಳು. "ಈಗೂ ಸಿಟ್ಟು ಹೋಗಿಲ್ಲ. ಆದ್ರ ಇವ್ರು ಸೋಮವಾರ ಬಂದ್ರ ಬಾಗಲಾನ ನೋಡ್ಕೋತ ಕುಂದ್ರತಾರ. ಇವ್ರಿಗೆ ನಾ ಹೆಂಗ ಹೇಳಲಿ?"

ಒಳಗೆ ಹೋಗಿ ನಾನೇ ಹೇಳಿದೆ. ಆತ ನನ್ನನ್ನೇ ನೋಡಿದ, ಬಾಯಿ ತೆರೆದ, ಏನೂ ಹೊರಡಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದ. ನಾನು ಬಹಳ ಹೊತ್ತು ಹೊರಸಿನ ಪಕ್ಕ ಕುಳಿತೆ.

ಹೊರಡುವಾಗ ಅವನ ಹೆಂಡತಿ ಸ್ಕೂಟರಿನವರೆಗೆ ಬಂದಳು. "ನೀವು ಬರ್ತೀರೇನ್ರಿ?" ಎಂದಳು.

ಬರುತ್ತೇನೆ ಎಂದೆ. ಪ್ರತಿ ಸೋಮವಾರ ಹೋಗುತ್ತಿದ್ದೇನೆ.