ಲ್ಯಾಬಿನ ಜಗಳಕ್ಕೆ ಬಂದ ರೈಟರ್

ಸುಂಟಿಕೊಪ್ಪದಾಚೆಯ ನಮ್ಮ ಹೈಸ್ಕೂಲಿನ ವಿಜ್ಞಾನ ಟೀಚರ್ ಆಶಾರಾಣಿ, ಕಾಫಿ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ತಾಯಿ ಜೀವಮಾನವೆಲ್ಲ ಕಾಫಿ ಹಣ್ಣು ಕುಯ್ದು, ಕೊನೆಗೆ ನೆಟ್ಟಗೆ ನಿಲ್ಲಲಾಗದೆ ಗೋಡೆ ಹಿಡಿದು ನಡೆಯುತ್ತಲೇ ಸತ್ತರು. ಶಾಲೆಯವರು ಮಕ್ಕಳ ರೋಬೋಟಿಕ್ಸ್ ತಂಡವನ್ನು ಆಕೆಗೆ ಒಪ್ಪಿಸಿದಾಗ, ಹಣ್ಣು ಕುಯ್ಯುವ ಯಂತ್ರವನ್ನೇ ಮಾಡಿಸಬೇಕೆಂದು ಆಕೆ ಹಟ ಹಿಡಿದದ್ದು ಅದಕ್ಕೇ. ನಾನು ಅದೇ ಶಾಲೆಯ ಕನ್ನಡ ಮೇಷ್ಟ್ರು, ಸ್ಕ್ರೂಡ್ರೈವರ್ ಹಿಡಿಯಲೂ ಬಾರದವನು. ಆದರೆ ಲ್ಯಾಬಿನ ಪಕ್ಕದ್ದೇ ನನ್ನ ತರಗತಿಯಾದ್ದರಿಂದ ಎಲ್ಲ ಕಿವಿಗೆ ಬೀಳುತ್ತಿತ್ತು.

ತಂಡದಲ್ಲಿ ಚುರುಕಾದವಳು ಒಂಬತ್ತನೆಯ ತರಗತಿಯ ಸ್ಪಂದನಾ. ಅವಳ ತಾಯಿ ಮುದ್ದಿ ಪಕ್ಕದ ಎಸ್ಟೇಟಿನಲ್ಲೇ ಆಳು.

“ಇದು ಬೇಡ ಮೇಡಂ,” ಎಂದಳು ಹುಡುಗಿ. “ಹಣ್ಣು ಮಿಷಿನ್ನೇ ಕುಯ್ದ್ರೆ ನಮ್ಮಮ್ಮ ಎಲ್ಲಿಗೆ ಹೋಗೋದು? ಕೆಲ್ಸ ಇಲ್ದೋರನ್ನ ಲೈನಲ್ಲಿ ಇರೋಕೆ ಬಿಡ್ತಾರಾ?”

“ನಿಮ್ಮಮ್ಮನ ಬೆನ್ನು ಏನಾಗಿದೆ ನೋಡಿದ್ದೀಯಾ?”

“ನೋಡಿದ್ದೀನಿ. ರಾತ್ರಿ ಎಣ್ಣೆ ಹಚ್ಚೋಳು ನಾನೇ. ಕುಯ್ದ ಮೂಟೆ ಹೊರೋ ಗಾಡಿ ಮಾಡೋಣ ಮೇಡಂ. ಕೆಲ್ಸನೂ ಉಳೀತದೆ, ಬೆನ್ನೂ ಉಳೀತದೆ.”

ಉಳಿದ ಮಕ್ಕಳೂ ಗಾಡಿಯ ಕಡೆಗೇ ವಾಲಿದರು. ಆಶಾರಾಣಿ ಬಗ್ಗಲಿಲ್ಲ, ಸ್ಪಂದನಾಳೂ ಬಗ್ಗಲಿಲ್ಲ. ಕೆಲಸ ನಿಂತುಹೋಯಿತು. ಮಕ್ಕಳ ಮಾತು ಕೇಳಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ನಾನೂ ಅಂದೆ. ಕನ್ನಡ ಮೇಷ್ಟ್ರ ಮಾತಿಗೆ ಲ್ಯಾಬಿನಲ್ಲಿ ಏನು ಕಿಮ್ಮತ್ತು?

ಲೈನಿನಲ್ಲಿ ನಲ್ಲಿ ನೀರಿಗೆ ಜಗಳವಾಗಲಿ, ಕೋಳಿಗಾಗಲಿ, ಕೊನೆಗೆ ಹೋಗುವುದು ರೈಟರ ಹತ್ತಿರ. ಆಳುಗಳ ಹಾಜರಿ ಹಾಕಿ ಕೆಲಸ ಹಂಚುವವನು ಅವನೇ, ನ್ಯಾಯ ಹೇಳುವವನೂ ಅವನೇ. ಆಶಾರಾಣಿ ಎಂ.ಎಸ್ಸಿ. ಮಾಡಿದರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಮುದ್ದಿ ದುಡಿಯುವ ಎಸ್ಟೇಟಿನ ರೈಟರ್ ಪೂವಯ್ಯನನ್ನೇ ಲ್ಯಾಬಿಗೆ ಕರೆಸಿದರು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೆ.

ಪೂವಯ್ಯ ಚಹಾ ಕುಡಿದು, ಎರಡೂ ಕಡೆಯ ಮಾತನ್ನು ಸಮಾಧಾನದಿಂದ ಕೇಳಿ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ತೀರ್ಪು ಕೊಟ್ಟ. “ಈ ವರ್ಷ ಕುಯ್ಯೋ ಮಿಷಿನ್ನು, ಬರೋ ವರ್ಷ ಗಾಡಿ.” ಹೊರಡುವಾಗ ಸ್ಪಂದನಾಳ ತಲೆ ಸವರಿದ.

“ಚೆನ್ನಾಗಿ ಮಾತಾಡ್ತೀಯ ಮಗು. ಯಾರ ಮಗಳು ನೀನು?”

ಹುಡುಗಿ ಹೇಳಿಬಿಟ್ಟಳು. ಆಶಾರಾಣಿಯ ಮುಖ ಬಿಳಿಚಿಕೊಂಡಿತು. ಲೈನಿನಲ್ಲಿ ಬೆಳೆದವರಿಗೆ ಆ ಪ್ರಶ್ನೆಯ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಸೋಮವಾರ ಮುದ್ದಿಗೆ ಕೆಲಸವಿಲ್ಲ ಎಂದರು. ಮಂಗಳವಾರವೂ ಇಲ್ಲ. ಆಶಾರಾಣಿ ರೈಟರ ಬಳಿಗೆ ಓಡಿದರು.

“ನಿಮ್ ಜಗಳ ಬಗೆಹರಿಸಿ ಕೊಟ್ಟೆನಲ್ಲ ಮೇಡಂ,” ಎಂದ ಪೂವಯ್ಯ. “ಎಸ್ಟೇಟಿನ ವಿಷಯ ನಮಗೆ ಬಿಡಿ.”

ಮಾರನೆಯ ದಿನ ಮುದ್ದಿ ಮಗಳ ಕೈ ಹಿಡಿದು ಶಾಲೆಗೆ ಬಂದಳು. ಸ್ಟಾಫ್ ರೂಮಿನ ಒಳಗೆ ಕರೆದರೂ ಬರಲಿಲ್ಲ.

“ಇವ್ಳಿಗೆ ಬುದ್ಧಿ ಸಾಲ್ದು ಟೀಚರೇ. ನೀವು ಹೇಳಿದ್ ಮಿಷಿನ್ನೇ ಮಾಡ್ತಾಳೆ. ರೈಟರಿಗೆ ಹಂಗಂತ ಒಂದು ಮಾತು ಹೇಳಿ.”

“ಬೇಡ ಮುದ್ದಕ್ಕ, ಗಾಡಿನೇ ಮಾಡ್ಲಿ. ತಪ್ಪು ನಂದು,” ಎಂದು ಆಶಾರಾಣಿ ಎಲ್ಲರೆದುರೇ ಅತ್ತರು.

ಮುದ್ದಿ ಹೆದರಿಹೋದಳು. “ಅಯ್ಯೋ, ಗಾಡಿ ಸುದ್ದಿನೇ ಎತ್ಬೇಡಿ! ನಮ್ಮನ್ನ ಲೈನಿಂದ ಹೊರಗೆ ಹಾಕಿಸ್ತೀರಾ?”

ಸ್ಪಂದನಾ ಅಮ್ಮನ ಕೈ ಬಿಡಿಸಿಕೊಂಡು ಲ್ಯಾಬಿಗೆ ಹೋದಳು. ಕೆಲವೇ ದಿನಗಳಲ್ಲಿ ಯಂತ್ರದ ಕೈ ಸಿದ್ಧವಾಯಿತು. ಹಸಿರು ಕಾಯಿ ಬಿಟ್ಟು ಕೆಂಪು ಹಣ್ಣನ್ನಷ್ಟೇ ಬಿಡಿಸುತ್ತಿತ್ತು. ಸುದ್ದಿ ಎಸ್ಟೇಟಿಗೆ ಮುಟ್ಟಿದ ಮೇಲೆ ಮುದ್ದಿಯನ್ನು ಮತ್ತೆ ಕೆಲಸಕ್ಕೆ ಕರೆದರು.

ಆಶಾರಾಣಿ ಹುಡುಗಿಯ ಪಕ್ಕದಲ್ಲಿ ಬಗ್ಗಿ ಕೇಳಿದರು. “ಈ ಬೆರಳು ಸ್ವಲ್ಪ ಉದ್ದವಾಯ್ತು ಅನ್ನಿಸ್ತದೆ. ನೀನೇನಂತೀಯ? ಜಗಳ ಆಡು ಬೇಕಾದ್ರೆ.”

ಸ್ಪಂದನಾ ತಲೆ ಎತ್ತಲಿಲ್ಲ.

“ನೀವು ಹೇಳಿದಂಗೆ ಮೇಡಂ,” ಎಂದು ಬೆರಳನ್ನು ಬಿಚ್ಚತೊಡಗಿದಳು.