ಬಂದ ಮೇಲೆ ತಿಂದ ಮೊಸರು-ಸಕ್ಕರೆ

ರೊಟ್ಟಿ ನನ್ನ ಗಂಟಲಿಂದ ಇಳಿಯುವುದಿಲ್ಲ ಎಂಬುದು ಆರು ತಿಂಗಳು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಹುಕ್ಕೇರಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ನಾನೇ, ನೋಡುವವರು ಯಾರು? ಹಾಲಲ್ಲಿ ನೆನೆಸಿದ ರೊಟ್ಟಿಯೂ ಎದೆಯ ನಡುವೆ ನಿಂತು, ಬಳೆಗಳು ಮೊಣಕೈತನಕ ಜಾರತೊಡಗಿದಾಗ ಮನೆಯವರಿಗೆ ಹೇಳಿದೆ. ಅನ್ನನಾಳ ಕಿರಿದಾಗಿದೆ, ಎಂಡೋಸ್ಕೋಪಿ ನಳಿಕೆ ಇಳಿಸಿ ಬಲೂನಿನಿಂದ ಹಿಗ್ಗಿಸಬೇಕು, ಹೊಟ್ಟೆ ಖಾಲಿ ಇರಬೇಕು ಎಂದರು ಬೆಳಗಾವಿಯ ಡಾಕ್ಟರು.

ಹೊರಟ ದಿನ ಅತ್ತೆ ಹೊಸ್ತಿಲಲ್ಲಿ, ಹೋದ ಕೆಲಸ ಆಗಲೆಂದು, ಅಂಗೈಗೆ ಮೊಸರು-ಸಕ್ಕರೆ ಹಾಕಿದರು. ಬೇಡ ಎನ್ನುವ ಪದ್ಧತಿಯಿಲ್ಲ, ತಿಂದೆ. ಆಸ್ಪತ್ರೆಯಲ್ಲಿ ಏನಾದರೂ ತಿಂದಿದ್ದೀರಾ ಎಂದು ನರ್ಸ್ ಕೇಳಿದಾಗ ಸುಳ್ಳು ಬರಲಿಲ್ಲ. ಚಿಕ್ಕಂದಿನಲ್ಲಿ ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಅಲ್ಲಿಯೂ ಬೆನ್ನು ಬಿಡಲಿಲ್ಲ.

"ಒಂದ ಚಮಚಾ ಆದ್ರೂ ಅಷ್ಟ. ಉಸಿರಿನ ನಳಿಗೆ ಹೊಕ್ಕರ ಏನ್ ಮಾಡೋದ್ರಿ?" ಎಂದು ಡಾಕ್ಟರು ಹದಿನೈದು ದಿನ ಮುಂದೆ ಹಾಕಿದರು.

ಎರಡನೇ ಸಲವೂ ಅತ್ತೆ ಬಟ್ಟಲು ಹಿಡಿದು ನಿಂತಿದ್ದರು.

"ಬ್ಯಾಡ್ರಿ ಅತ್ತಿ."

"ಹುಚ್ಚಿ, ಬರೇ ಬಾಯಿಲೆ ಹೊಂಟರ ಕೆಲಸ ಕೆಡ್ತೈತಿ. ನಾಲಗಿಗಿ ಅಷ್ಟ ಹಚ್ಕೊ."

ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ಎದುರಾಡಿದವಳಲ್ಲ. "ತಿಂದ ಹೋಗೇ ಹ್ವಾದ ಸಲ ಕೆಟ್ಟಿತ್ರಿ. ಮುಚ್ಚಿ ಇಡ್ರಿ, ಬಂದ ಮ್ಯಾಲ ತಿಂತೇನಿ" ಎಂದು ಚಪ್ಪಲಿ ಮೆಟ್ಟಿದೆ.

ಆಸ್ಪತ್ರೆಯಲ್ಲಿ ಗಂಟಲಿಗೆ ಸಿಂಪಡಿಸಿದ ಔಷಧ ಕಹಿ. ನಾಲಗೆ ಬೇರೆ ಯಾರದೋ ಎಂಬಂತೆ ದಪ್ಪವಾಯಿತು. ಎಡಮಗ್ಗುಲಿಗೆ ಮಲಗಿಸಿ, ಬಾಯಿ ಮುಚ್ಚದಂತೆ ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆಯಂಥದ್ದನ್ನು ಕಚ್ಚಿಸಿದರು.

"ಜೊಲ್ಲ ಸೋರಿದ್ರ ಸೋರ್ಲಿ, ನಾಚಬ್ಯಾಡ್ರಿ. ಮೂಗಿಲೆ ಉಸಿರಾಡ್ರಿ," ಎಂದರು ನರ್ಸ್.

ಇಂಜೆಕ್ಷನ್ನಿಗೆ ಕಣ್ಣು ಎಳೆಯುತ್ತಿದ್ದರೂ ಪೂರ್ತಿ ನಿದ್ದೆಯಿಲ್ಲ. ನಳಿಕೆ ಇಳಿದಾಗ ಓಕರಿಕೆ ಬಂತು. ನರ್ಸಿನ ಜೇಬಿನ ಮೇಲಿನ ಶಾಯಿಯ ಕಲೆಯನ್ನೇ ನೋಡುತ್ತ ಉಸಿರು ಎಣಿಸಿದೆ. ಏಳಬಾರದು, ಕೈ ಎತ್ತಬಾರದು. ಎದೆಯೊಳಗೆ ಒತ್ತಡ ಏರಿತು, ಬಿಗಿ ರವಿಕೆಯ ಹೊಲಿಗೆ ಎಳೆದ ಹಾಗೆ. ಆಮೇಲೆ ಸಡಿಲ.

ಮರಗಟ್ಟಿದ ಗಂಟಲು ಸರಿಹೋಗುವತನಕ ನೀರೂ ಇಲ್ಲ, ಎರಡು ದಿನ ಮೆತ್ತಗಿನ ಊಟ, ಮತ್ತೆ ಬಿಗಿಯಾದರೆ ಮತ್ತೆ ಬರಬೇಕು ಎಂದರು ಡಾಕ್ಟರು. ಬಂದೇನು, ಅಂದುಕೊಂಡೆ.

ಸಂಜೆ ಮನೆಗೆ ಬಂದರೆ ಮುಚ್ಚಿಟ್ಟ ಮೊಸರು ಹುಳಿಯಾಗಿತ್ತು. ತಿಂದೆ.

ಮೂರನೆಯ ದಿನ ಅತ್ತೆ ಗಂಡಸರಿಗಿಂತ ಮೊದಲು ನನಗೆ ಮಣೆ ಹಾಕಿ, ಬಿಸಿ ರೊಟ್ಟಿ ಇಟ್ಟು ಎದುರಿಗೇ ಕುಳಿತರು.

"ನನ್ನ ಮುಂದ ತಿನ್ನ. ಹಿಂದಗಡೆ ತಿಂದದ್ದ ಸಾಕು."

ಸಣ್ಣ ಚೂರು ಮುರಿದು, ಬಹಳ ಹೊತ್ತು ಅಗಿದು ನುಂಗಿದೆ. ಅವರ ಕಣ್ಣು ನನ್ನ ಗಂಟಲಿನ ಮೇಲಿತ್ತು.

"ಇಳೀತೇನ?"

ನಾನು ಎರಡನೆಯ ಚೂರು ಮುರಿದೆ.