ಟೈಪಿಸ್ಟಮ್ಮ ಹಂಚಿದ ನಾರ್ಮಲ್

ನಮ್ಮ ಸ್ಕ್ಯಾನಿಂಗ್ ಸೆಂಟರಿನ ಟೈಪಿಸ್ಟಮ್ಮ ಹದಿನೇಳು ವರ್ಷ ಒಂದೇ ಇಂಗ್ಲಿಷ್ ಪದವನ್ನು ಊರಿಗೆಲ್ಲ ಹಂಚಿದಳು. ನಾರ್ಮಲ್. ಕೌಂಟರಿನಲ್ಲಿ ಕೂತು ರಿಪೋರ್ಟು ಕೊಡುತ್ತಿದ್ದವನು ನಾನು. ಎಬಿಸಿಡಿ ಬಾರದವರಿಗೂ ಆ ಪದ ಬರುತ್ತಿತ್ತು. ಅವರ ಪಾಲಿಗೆ ಅದರ ಅರ್ಥ, ಇನ್ನು ನೆಮ್ಮದಿಯಾಗಿ ಮನೆಗೆ ಹೋಗಬಹುದು ಎಂದು. ನಮ್ಮ ಯಜಮಾನರಂತೂ ಲಿಫ್ಟ್ ಕೆಟ್ಟರೂ ನಾರ್ಮಲ್, ಛಾವಣಿ ಸೋರಿದರೂ ನಾರ್ಮಲ್ ಎನ್ನುವ ಆಸಾಮಿ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಡಾಕ್ಟರು ಸ್ಕ್ಯಾನ್ ಮಾಡಿ, ತೊಂದರೆ ಕಂಡದ್ದನ್ನಷ್ಟೇ ಒಂದು ಚೀಟಿಯಲ್ಲಿ ಗೀಚುತ್ತಿದ್ದರು. ಚೀಟಿಯ ಮೇಲೆ ಹೆಸರಿಲ್ಲ, ಟೋಕನ್ ನಂಬರ್ ಮಾತ್ರ. ಟೈಪಿಸ್ಟಮ್ಮನ ಕಂಪ್ಯೂಟರಿನಲ್ಲಿ ಒಂದು ಸಿದ್ಧ ರಿಪೋರ್ಟಿತ್ತು. ಅದರಲ್ಲಿ ಲಿವರಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಎಲ್ಲವೂ ನಾರ್ಮಲ್. ಚೀಟಿಯಲ್ಲಿದ್ದದ್ದನ್ನು ಅದರ ಜಾಗಕ್ಕೆ ತುಂಬಿ, ಒಟ್ಟು ತೀರ್ಪು ಹೇಳುವ ಕೊನೆಯ ಸಾಲನ್ನೂ ತಿದ್ದಬೇಕು. ಹೆಸರು ಅಂಟಿಸುವುದು ನನ್ನ ಕೆಲಸ, ಓದದೆ ಸಹಿ ಹಾಕುವುದು ಡಾಕ್ಟರ ಕೆಲಸ. ದಿನಕ್ಕೆ ಎಂಬತ್ತು ಜನ, ತಲೆ ಎತ್ತಲು ಪುರುಸೊತ್ತಿರಲಿಲ್ಲ.

ಟೈಪಿಸ್ಟಮ್ಮನನ್ನು ಸಾಕಿದವಳು ಅವಳ ಅಕ್ಕ. ತಾಯಿ ತೀರಿಕೊಂಡಾಗ ತಾನು ಏಳನೆಯದಕ್ಕೇ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತು, ತಂಗಿಯನ್ನು ಓದಿಸಿದ ಹೆಂಗಸು. ಪಕ್ಕೆ ನೋವೆಂದು ಒಂದು ದಿನ ಅವಳೂ ಬಂದು ಸಾಲಿನಲ್ಲೇ ಕೂತಳು. ರಿಪೋರ್ಟು ಬಂದಾಗ ಟೈಪಿಸ್ಟಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಕೊನೆಯ ಸಾಲು ನೋಡಿದಳು.

"ನಾರ್ಮಲ್ ಅಕ್ಕಾ. ಸುಮ್ನೆ ಹೆದರಿಸಿಬಿಟ್ಟೆ."

ನಾನೂ ನೋಡಿದ್ದು ಅದೊಂದೇ ಸಾಲು. ಮೂವರೂ ನಕ್ಕೆವು.

ಎಂಟು ತಿಂಗಳಿಗೆ ಅಕ್ಕನ ಮೂತ್ರದಲ್ಲಿ ರಕ್ತ ಬಂತು. ದೊಡ್ಡಾಸ್ಪತ್ರೆಯವರು ಕೈಚೆಲ್ಲಿದರು, ಎಡಗಡೆ ಕಿಡ್ನಿಯ ಗಡ್ಡೆ ಶ್ವಾಸಕೋಶದವರೆಗೂ ಹರಡಿತ್ತು. ಟೈಪಿಸ್ಟಮ್ಮ ಅಕ್ಕನ ಟೋಕನ್ ನಂಬರ್ ಹಿಡಿದು ಕಂಪ್ಯೂಟರಿನಲ್ಲಿ ಹಳೆಯ ರಿಪೋರ್ಟು ಹುಡುಕಿ ನನ್ನನ್ನು ಕರೆದಳು. ನಡುವಿನಲ್ಲಿ ಅವಳೇ ಟೈಪ್ ಮಾಡಿದ್ದ ಸಾಲಿತ್ತು: ಎಡ ಕಿಡ್ನಿಯಲ್ಲಿ ಮೂರೂವರೆ ಸೆಂಟಿಮೀಟರ್ ಗಡ್ಡೆ. ತಿದ್ದದೆ ಉಳಿದದ್ದು ಕೊನೆಯ ಸಾಲು. ಗಡ್ಡೆ ಚಿಕ್ಕದಿದ್ದಾಗಲೇ ಗೊತ್ತಾಗಿದ್ದರೆ ಕಿಡ್ನಿ ತೆಗೆದು ಉಳಿಸಬಹುದಿತ್ತೆಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ್ದರು.

"ಅಕ್ಕನಿಗೆ ಹೇಳಬೇಡಿ," ಎಂದೆ. "ಈಗ ಹೇಳಿ ಏನು ಬಂತು?"

ಅದು ಕನಿಕರದ ಮಾತಲ್ಲ. ಹೆಸರು ಅಂಟಿಸಿದ್ದು ನಾನು. ನನ್ನ ಬುಡ ನನಗೆ ಮುಖ್ಯವಾಗಿತ್ತು.

"ಅವಳು ಹೋದ್ಮೇಲೆ ಯಾರಿಗೆ ಹೇಳ್ಲಿ?" ಎಂದಳು ಟೈಪಿಸ್ಟಮ್ಮ.

ಅವಳ ಜೊತೆ ನಾನೂ ಅಕ್ಕನ ಮನೆಗೆ ಹೋದೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು, ಮೈಯಲ್ಲಿ ಬರೀ ಮೂಳೆ. ಟೈಪಿಸ್ಟಮ್ಮ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

"ಗೊತ್ತು ಕಣೆ," ಎಂದಳು ಅಕ್ಕ. "ಅವತ್ತೇ ಮನೇಲಿ ಅಕ್ಷರ ಕೂಡಿಸಿ ಓದ್ದೆ. ಸೆಂಟಿಮೀಟರ್ ನಂಗೆ ಗೊತ್ತಿಲ್ವಾ? ಟೇಪ್ ಹಿಡಿದು ನೋಡ್ದೆ. ಕೋಟಿನ ದೊಡ್ಡ ಗುಂಡಿಗಿಂತ ಸ್ವಲ್ಪ ಜಾಸ್ತಿ."

"ಮತ್ತೆ ಯಾಕಕ್ಕಾ ಯಾರಿಗೂ ತೋರಿಸ್ಲಿಲ್ಲ?"

"ಇನ್ಯಾರಿಗೆ ತೋರಿಸ್ಲಿ? ನೀನು ನೋಡಿ ಏನಿಲ್ಲ ಅಂದಿದ್ದೆ. ನಿನ್ನ ಓದಿಸಿದ್ದು ಮತ್ಯಾಕೆ ಅಂದ್ಕೊಂಡೆ."

ಟೈಪಿಸ್ಟಮ್ಮ ಹಾಸಿಗೆಯ ಅಂಚಿಗೆ ಹಣೆ ಇಟ್ಟಳು. ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಕಾಲಿಡುವ ಮುಖ ನನಗಿರಲಿಲ್ಲ.